ಹುಲ್ಲು

ಮೊದಲನೇ ಕುದುರಿ ಹುಲ್ಲಿನಾಗ ನಿಲ್ಲಿಸಿದ್ದೆ.
ಎರಡನೇದೂ ಹುಲ್ಲಿನಾಗ.
ಆರನೇದರ ಹೊತ್ತಿಗೆ
ಹುಲ್ಲು ಹೊಟ್ಟಿಮಟ ಬೆಳದಿತ್ತು.

ಬೋರ್ಡು ಬರೆಯೋ ದಸ್ತಗೀರ ಮಾಸ್ತರು
ಚಾಳೀಸು ಹಣಿಗೇರಿಸಿ ಕೇಳಿದ್ರು:
"ವಿಜಾಪುರದ ಟಾಂಗಾ ಸ್ಟ್ಯಾಂಡಿನಾಗ
ಇಷ್ಟು ಹುಲ್ಲು ಎಲ್ಲಿಂದ ಬಂತು, ನೀಲಗಂಗವ್ವಾ?"

ನಾ ಹೇಳಲಿಲ್ಲ. ಅವರಿಗೆ ಗೊತ್ತಿತ್ತು,
ನನಗ ಗೊರಸು ಬರೂದಿಲ್ಲ.

ನಲವತ್ತೆರಡು ವರ್ಷ ನನಗ. ಜಂಪರಿನ ಕೊರಳು,
ಬಗಲಿನ ತಿರುವು, ಚಾಕಪೀಸಿನಿಂದ
ಕಣ್ಣು ಮುಚ್ಚಿ ಎಳೀತೀನಿ.
ಬಟ್ಟಿ ಮ್ಯಾಲಿನ ಗೀಟು ತಪ್ಪಿದ್ರ ಹೊಲಿಗಿ ಬಿಚ್ಚಬಹುದು.
ಹಾಳಿ ಮ್ಯಾಲಿನದು?

"ರಬ್ಬರು ಮನ್ಯಾಗಿಟ್ಟು ಬಾ.
ಕುದುರಿ ಬ್ಯಾಡ. ಕಾಲಷ್ಟ ಬರಿ."

ಹದಿನೆಂಟು ದಿನ ಬರೇ ಕಾಲು.
ಮೇಜಿನ ಕಾಲಿನಂಥವು, ನುಗ್ಗಿಕಾಯಿಯಂಥವು,
ಒಂದು ಥೇಟ್ ನಮ್ಮತ್ತಿಯ ಕಾಲು,
ಅದಕ್ಕ ಚಪ್ಪಲಿ ಬರದು ಒಬ್ಬಾಕೀನ ನಕ್ಕೆ.
ಜಂಪರ ಒಯ್ಯಾಕ ಬಂದವರು
ಬಿಲ್ಲಿನ ಹಿಂದ ಗೊರಸು ನೋಡಿ
ಏನೂ ಕೇಳದ ರೊಕ್ಕ ಕೊಟ್ಟು ಹೋದ್ರು.

ಸೋಮವಾರ, ಸುಡುಬಿಸಲು.
ಗೋಳಗುಮ್ಮಟದ ಗೇಟಿನ ಎದುರು ಮಹಿಬೂಬನ ಕುದುರಿ.
ನಾಕೂ ಕಾಲು ಡಾಂಬರಿಗೆ ಬಂದವು.
ಮುಂದಿನ ಎಡಗಾಲು ಮಾತ್ರ
ಒಂದು ಗೇಣು ಮುಂದ ಚಾಚಿ
ತುದಿಯಷ್ಟ ನೆಲಕ್ಕ ತಾಗಿತ್ತು.
ಕೆಟ್ಟಿತು ಅಂದ್ಕೊಂಡೆ. ರಬ್ಬರಿಲ್ಲ.

ಚಹಾ ಹಿಡಕೊಂಡು ಬಂದ ಮಹಿಬೂಬ
ಹಾಳಿ ನೋಡಿದ. ಕುದುರಿ ನೋಡಿದ.
ಮತ್ತ ಹಾಳಿ.
ಕಪ್ಪು ಕಟ್ಟಿ ಮ್ಯಾಲಿಟ್ಟು, ಕುಕ್ಕರಗಾಲಿಲೆ ಕುಂತು,
ಆ ಗೊರಸು ಎತ್ತಿ ತೊಡಿ ಮ್ಯಾಲಿಟ್ಟುಕೊಂಡ.
ಬೆರಳು ಹಾಕಿ ಕೆದರಿದ್ರ
ಕಡ್ಲಿಕಾಳಷ್ಟು ಖಡಿ.

"ಮುಂಜಾನಿಂದ ಓಡಿಸೇನಿ ಇದನ್ನ," ಅಂದ,
ನನಗಲ್ಲ, ಕುದುರಿಗೆ.

ಕುದುರಿ ಕಾಲು ನೆಟ್ಟಗ ಊರಿತು.
ನನ್ನ ಚಿತ್ರ ಈಗ ತಪ್ಪಾತು.
ಹಾಳಿ ತಿರುವಿದೆ.