ಸೋಮವಾರದ ಸಾಲು

ಡಾಕ್ಟರಮ್ಮ ಕೊಟ್ಟಿದ್ದು ಒಂದು ಕೊಳವೆ.
ಪೀಪಿ ಹಂಗೈತೆ, ಊದಿದ್ರೆ ಸದ್ದಿಲ್ಲ.
ಒಳಗೊಂದು ಕೆಂಪು ಮುಳ್ಳು
ನನ್ನುಸಿರು ತಳ್ಳಿದಷ್ಟು ದೂರ ಹೋಗಿ
ಅಲ್ಲೇ ನಿಂತುಬಿಡುತ್ತೆ, ಏರು ಹತ್ತಲಾರದ ಎತ್ತಿನಂಗೆ.
"ಬೆಳಿಗ್ಗೆ ಸಂಜೆ ಮೂರ್ಮೂರು ಸಲ ಊದಿ
ದೊಡ್ಡದನ್ನ ಬರಿ, ಉರುಕುಂದಮ್ಮಾ."

ಬರೆಯೋಕೆ ಪುಸ್ತಕ ಎಲ್ಲಿಂದ ತರಲಿ?
ಗೋಡೆ ಮೇಲೆ ಕ್ಯಾಲೆಂಡರ್ ಇತ್ತು,
ಗೊಬ್ಬರದ ಅಂಗಡಿಯವರು ಹಂಚಿದ್ದು.
ತಾರೀಖಿನ ಮನೆಮನೆಯಲ್ಲೂ ಆಗಲೇ ಸಂಸಾರ ತುಂಬಿತ್ತು:
ಹಾಲು ಅರ್ಧ. ಹಾಲು ಇಲ್ಲ.
ಸಿಲಿಂಡರ್ ಬಂತು. ಹುಸೇನಬೀಗೆ ಇನ್ನೂರು.
ಸಂದಿಯಲ್ಲಿ ನನ್ನುಸಿರನ್ನೂ ಕೂರಿಸಿದೆ.
ಹಾಲಿನವನು ಲೆಕ್ಕ ನೋಡೋಕೆ ಬಂದವನು
"ಏನಮ್ಮ, ಮುನ್ನೂರ ನಲವತ್ತು ಲೀಟರಾ?" ಅಂದ.
ನಗಬೇಕು. ನಕ್ಕರೆ ಕೆಮ್ಮು.

ಇಪ್ಪತ್ತೆರಡು ವರ್ಷ ಆದವಾನಿ ಜಿನ್ನಿನಲ್ಲಿ
ಯಂತ್ರದ ಬಾಯಿಗೆ ಹತ್ತಿ ಉಣಿಸೀನಿ.
ಬೀಜ ಒಂದು ಕಡೆ, ಅರಳೆ ಒಂದು ಕಡೆ,
ಮಿಕ್ಕಿದ್ದು ನಮ್ಮ ಕಡೆ.
ಹುಬ್ಬಿನ ಮೇಲೆ ಕೂತಿದ್ದನ್ನ ಕೊಡವಬಹುದು.

ಮೂರು ಸಲ ಔಷಧ ಬದಲಾತು.
ನೀಲಿ ಪಂಪು, ಕಂದು ಪಂಪು, ಮಲಗೋ ಮುಂಚಿನ ಮಾತ್ರೆ.
ಗುರುವಾರ ಮಧ್ಯಾಹ್ನ ಕರೆಂಟು ತೆಗೀತಾರೆ,
ದವಾಖಾನೆಗೆ ಹೋಗೋದು ಆವತ್ತೇ.
ಎದೆಗೆ ಒತ್ತಿ, ಬೆನ್ನಿಗೆ ಒತ್ತಿ,
"ಬಾಗಾನೇ ಉಂದಿ ಕದಾ" ಅಂತಿದ್ಲು.
ಚೆನ್ನಾಗಿಲ್ಲ ಅಂತ ತೆಲುಗಲ್ಲಿ ಹೇಳೋಕೆ ಬರುತ್ತೆ ನನಗೆ.
ಎಷ್ಟು ಚೆನ್ನಾಗಿಲ್ಲ ಅನ್ನೋದು
ಯಾವ ಭಾಷೆಯಲ್ಲೂ ಬರಲ್ಲ.

ಈ ಗುರುವಾರ ಕ್ಯಾಲೆಂಡರನ್ನೇ ಸುತ್ತಿ ಒಯ್ದೆ,
ಆಟೋದಲ್ಲಿ ಕೊಡೆ ಹಿಡಿದಂಗೆ ಹಿಡಿದು.
ಅಂಕಿ ಕನ್ನಡದ್ದು; ಆಕೆ ತಡೆತಡೆದು ಓದಿದ್ಲು.
ನಮ್ಮಿಬ್ಬರ ಅಕ್ಷರಗಳು ಓರಗಿತ್ತಿಯರು,
ಮುಖ ತಿರುಗಿಸಿದರೂ ಒಲೆ ಒಂದೇ.

ಮೇಜಿನ ಮೇಲೆ ಹರಡಿದ್ಲು. ಮೂಲೆ ಮಡಿಚಿ ಏಳ್ತಿತ್ತು,
ಟಾನಿಕ್ ಬಾಟಲಿ ಇಟ್ಟಳು.
ಬೆರಳು ಅಡ್ಡಡ್ಡ ನಡೀತು.
ಭಾನುವಾರದ ಸಾಲು: ೩೪೦, ೩೪೫, ೩೪೦, ೩೪೦.
ಅದರ ಕೆಳಗೆ ಸೋಮವಾರದ್ದು:
೨೨೦. ೨೧೦. ೨೨೫.
೨೦೦.
ಮಂಗಳವಾರ ಒಂದಿಷ್ಟು ಏಳುತ್ತೆ,
ಗುರುವಾರಕ್ಕೆ ಮುನ್ನೂರು ದಾಟುತ್ತೆ.

"ಇಷ್ಟು ದಿನ ನಾನು
ನಿನ್ನ ಗುರುವಾರದ ಎದೆಗೆ ಔಷಧ ಕೊಟ್ಟೆ," ಅಂದ್ಲು.
"ಭಾನುವಾರ ಏನ್ಮಾಡ್ತೀಯ?"
ರಜ. ಬಟ್ಟೆ ಒಗೆಯೋ ರಜ.
"ಸೋಮವಾರ?"
ಸುಮ್ಮನಿದ್ದೆ. ಹೇಳಿದ್ರೆ ಕೂಲಿಯ ಮಾತು ಬರುತ್ತೆ.
ಆದರೆ ಎಲ್ಲಾ ಹೇಳಿ ಮುಗಿಸಿತ್ತು ಆ ಚಾಡಿಕೋರ ಕ್ಯಾಲೆಂಡರು.

"ಅಂಚಿನಲ್ಲಿ ಪೆನ್ಸಿಲಿನ ಅಂಕಿ, ಇವು ಯಾರದು?"
ತಿಕ್ಕಮ್ಮಂದು ೧೯೦. ಹುಸೇನಬೀದು ೨೪೦.
ಹೊಸದಾಗಿ ಸೇರಿದ ಹುಡುಗಿ ಚೌಡೇಶ್ವರಿದು ೩೮೦.
ಬುತ್ತಿ ಬಿಚ್ಚೋ ಹೊತ್ತಿಗೆ ಪಂದ್ಯ ಕಟ್ಟಿ ಊದಿದ್ರು ಅಮ್ಮಾ,
ಸೋತವರು ಚಾ ಕೊಡಿಸಬೇಕು.
ಕೊಳವೆ ಬಿಸಿನೀರಲ್ಲಿ ತೊಳೆದೀನಿ, ಬೈಬೇಡ್ರಿ.
ಬೈಲಿಲ್ಲ.
"ಯಾವತ್ತು ಊದಿದ್ದು?"
ಸೋಮವಾರ.

ಫೋಟೋ ತೆಕ್ಕೋಬಹುದಾ ಅಂತ ಕೇಳಿದ್ಲು.
ನನ್ನನ್ನ ಯಾರೂ ಹಂಗೆ ಕೇಳಿದ್ದಿಲ್ಲ.
ತೆಕ್ಕೊಳ್ರಿ. ಜಿನ್ನಿನ ಹೆಸರು ಬೇಡ.
ಅವರಿಬ್ಬರನ್ನ ನಾನೇ ಕೇಳಿ ಹೇಳ್ತೀನಿ.
ಹಾಳೆ ಮಾತ್ರ ಕೊಡಲ್ಲ,
ಹಾಲಿನ ಲೆಕ್ಕ ಇನ್ನೂ ತೀರಿಲ್ಲ.

ಸಾಹುಕಾರನಿಗೆ ಚೀಟಿ ಬರೆದುಕೊಟ್ಟಾಳೆ:
ಹತ್ತಿ ಉಣಿಸೋದು ಬಿಡಿಸಿ ಚೀಲ ಹೊಲಿಯೋಕೆ ಹಾಕಿ ಅಂತ.
ಚೀಲದ ಕೂಲಿ ದಿನಕ್ಕೆ ಅರವತ್ತು ಕಡಿಮೆ,
ಅದನ್ನ ಚೀಟಿ ಬರೆದವರು ಕೇಳಲಿಲ್ಲ, ನಾನು ಹೇಳಲಿಲ್ಲ.
ರವಿಕೆಯೊಳಗೆ ಬೆವರಿಗೆ ಮೆತ್ತಗಾಗೈತೆ ಚೀಟಿ.

ತಿಕ್ಕಮ್ಮ ತನಗೊಂದು ಕ್ಯಾಲೆಂಡರ್ ಬೇಕಂದ್ಲು.
ಗೊಬ್ಬರದಂಗಡಿಯವನು ಹಲ್ಲು ಕಿರಿದ:
"ಎರಡು ತಿಂಗಳು ಆಗಲೇ ಹೋದವಲ್ಲಮ್ಮ."
ಉಳಿದದ್ದು ಕೊಡಪ್ಪ, ಅಂದೆ.