ನೆಲದ ದಪ್ಪ

ಕಾರಿನ ಎತ್ತರ ನಾಲ್ಕಡಿ ಒಂಬತ್ತು ಇಂಚು.
ನನ್ನದು ಐದಡಿ ನಾಲ್ಕು, ಬೂಟು ಬಿಚ್ಚಿದರೆ.
ಒಂದರ ಮೇಲೊಂದು ಇಟ್ಟರೆ ಹತ್ತಡಿ ಒಂದು.
ಗ್ಯಾರೇಜಿನ ಸೂರು ಒಂಬತ್ತಡಿ ಎರಡು.
ಹನ್ನೊಂದು ಇಂಚು ಯಾರ ಹತ್ತಿರ ಕಡ ಕೇಳಲಿ?
ಕಾರು ತಗ್ಗುವುದಿಲ್ಲ.
ನಾನು ತಗ್ಗುತ್ತಿದ್ದೇನೆ, ವರ್ಷಕ್ಕೊಂದು ಕೂದಲೆಳೆಯಷ್ಟು.
ಅಷ್ಟು ದಿನ ಕಾಯಲಾರೆ.

ಮೂವತ್ತೊಂದು ವರ್ಷ
ಥಂಡರ್ ಬೇಯ ದಂಡೆಯಲ್ಲಿ
ಗೋಧಿ ಎತ್ತುವ ಯಂತ್ರಗಳ ರಿಪೇರಿ ಮಾಡಿದವಳು.
ರೈಲು ತಂದು ಸುರಿದದ್ದನ್ನೆಲ್ಲ
ಇನ್ನೂರಡಿ ಮೇಲಕ್ಕೆ ಎಳೆದು
ಹಡಗಿನ ಹೊಟ್ಟೆಗೆ ಇಳಿಸಿದ್ದೇವೆ.
ಈಗ ಒಂದೇ ಒಂದು ಹಳೆ ವೋಲ್ವೊ,
ಹೆಚ್ಚೆಂದರೆ ಒಂದೂಕಾಲು ಟನ್ನು,
ಅದನ್ನು ಎತ್ತಿ ಹಿಡಿಯುವ ಕೈ ಹುಡುಕುತ್ತಿದ್ದೇನೆ.

ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ನಮ್ಮೂರಲ್ಲಿ ಉಪ್ಪೇ ತಿನ್ನುತ್ತದೆ.
ಹಿಮ ಕರಗಲೆಂದು ರಸ್ತೆಗೆ ಎರಚಿದ್ದು
ಕಾರಿನ ತಳಕ್ಕೆ ಹತ್ತಿ
ಗೆದ್ದಲಿನ ಹಾಗೆ ಒಳಗೊಳಗೇ ಮೇಯುತ್ತದೆ.
ಹೋದ ಮಾರ್ಚ್‌ವರೆಗೂ ರಟ್ಟು ಹಾಸಿ
ಅಂಗಾತ ಮಲಗಿ ತೇಪೆ ಹಾಕುತ್ತಿದ್ದೆ,
ತುಕ್ಕಿನ ಪುಡಿ ಕಣ್ಣಿಗೆ ಉದುರುತ್ತಿತ್ತು.
ಒಂದು ಸಂಜೆ ಮಲಗಿದವಳಿಗೆ ಏಳಲಾಗಲಿಲ್ಲ.
ಅರ್ಧ ಗಂಟೆ ಗೇರ್‌ಬಾಕ್ಸಿನ ಜೊತೆ ಮಾತಾಡಿದೆ.

ಅಂಗಡಿಯ ಓರ್ವೊ ಮೇಜಿನ ಮೇಲೆ ಚಿತ್ರ ಹರಡಿದ.
ನಾಲ್ಕು ಕಂಬದ್ದು ಥೇಟು ಮಂಚ:
ಕಾರು ತನ್ನ ಕಾಲ ಮೇಲೇ ನಿಂತು ಮೇಲೇರುತ್ತದೆ.
ಕೆಳಗೊಂದು, ಮೇಲೊಂದು ಇಟ್ಟುಕೊಳ್ಳುವ
ಶ್ರೀಮಂತರಿಗೆ ಅದು.
ಎರಡು ಕಂಬದ್ದು ಬೇರೆ.
ಮಗುವಿನ ಕಂಕುಳಿಗೆ ಕೈಹಾಕಿ ಎತ್ತಿದ ಹಾಗೆ;
ನಾಲ್ಕೂ ಚಕ್ರ ಗಾಳಿಯಲ್ಲಿ ಜೋತು ಬಿದ್ದಿರುತ್ತವೆ.
ಸೂರು ಬಿಚ್ಚಿಸಿದರೂ ಸರಿ, ಇದೇ ಬೇಕು
ಎಂದು ಹಟ ಹಿಡಿಯಿತು ಮನಸ್ಸು.

"ನೆಲ ಎಷ್ಟು ದಪ್ಪ?" ಎಂದ ಓರ್ವೊ.
"ಆರು ಇಂಚು" ಎಂದೆ ತಟ್ಟನೆ.
ಆ ದನಿ ನನ್ನದಲ್ಲ, ಅಪ್ಪನದು.
ಅವನೇ ಸುರಿದ ನೆಲ. ಬಂದವರ ಮುಂದೆಲ್ಲ
ಹಿಮ್ಮಡಿಯಿಂದ ಕುಟ್ಟಿ ತೋರಿಸುವನು:
ಆರು ಇಂಚು! ಬೇಕಾದರೆ ರೈಲು ತಂದು ನಿಲ್ಲಿಸಿ!

ಪಕ್ಕದ ಮನೆಯ ಹಾನ್ನೆಸ್ ಡ್ರಿಲ್ ತಂದ.
ನಡುಮಧ್ಯೆ ಇಟ್ಟ.
ಎರಡೂಮುಕ್ಕಾಲು ಇಂಚಿಗೆ ಧಡಕ್ಕನೆ
ಮರಳಿಗೆ ಬಿತ್ತು ಮೊನೆ.
ಗೋಡೆಯ ಬದಿ, ಮೂರು.
ಹಿಂದಿನ ಮೂಲೆ, ಎರಡೂವರೆ.
ಬಾಗಿಲ ಹತ್ತಿರ ಮಾತ್ರ,
ಅಂಚು ಹೊರಗಿನವರ ಕಣ್ಣಿಗೆ ಬೀಳುವಲ್ಲಿ,
ಸರಿಯಾಗಿ ಆರು.

ಹಾನ್ನೆಸ್ ಏನೂ ಅನ್ನಲಿಲ್ಲ.
ಮೊಣಕಾಲೂರಿ ತೂತಿನ ಪುಡಿ ಊದಿದ,
ಬೇಕಿದ್ದಕ್ಕಿಂತ ಹೆಚ್ಚು ಹೊತ್ತು.

ವಿನಿಪೆಗ್‌ನಿಂದ ಅಕ್ಕ ಸಿರ್ಕ್ಕಾ
ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು.
"ಜುಗ್ಗ ಕಣೇ ಅವನು, ಮೊದಲಿಂದಲೂ."
"ಆ ವರ್ಷ ನಮಗಿಬ್ಬರಿಗೂ
ಹೊಸ ಸ್ಕೇಟ್ಸ್ ಬಂದಿತ್ತಲ್ಲ" ಎಂದೆ.
"ಅದು ಮುಂದಿನ ವರ್ಷ" ಎಂದಳು.

ಒಡೆಸಿ ಹೊಸ ನೆಲ ಹಾಕಿಸಬಹುದಿತ್ತು.
ಓರ್ವೊ ಲೆಕ್ಕವನ್ನೂ ಬರೆದುಕೊಟ್ಟ,
ಕಾಗದ ನಾಲ್ಕು ದಿನ ಫ್ರಿಜ್ಜಿನ ಮೇಲಿತ್ತು.
ಐದನೆಯ ದಿನ ಕತ್ತರಿ ಲಿಫ್ಟ್ ಕೊಂಡೆ.
ಬೋಲ್ಟು ಬೇಡ, ಕಂಬ ಬೇಡ,
ಅಗಲ ಪಾದ, ನೆಲಕ್ಕೆ ಭಾರ ಹಂಚಿ ಕೂರುತ್ತದೆ.
ಎತ್ತುವುದು ನನ್ನ ಸೊಂಟದವರೆಗೆ ಅಷ್ಟೇ.
ಸೂರು ಹೇಗಿತ್ತೋ ಹಾಗೇ ಇದೆ.

ಸೌನಾದಿಂದ ಅಪ್ಪ ಮಾಡಿದ ಮಣೆ ತಂದು
ಕಾರಿನ ಕೆಳಗೆ ಕೂರುತ್ತೇನೆ ಈಗ.
ಮಣೆ ಗಟ್ಟಿ. ಒಂದು ಕಾಲೂ ಅಲ್ಲಾಡುವುದಿಲ್ಲ,
ಅದನ್ನೂ ಹೇಳಬೇಕು.

ತೂತು ಮುಚ್ಚಲು ಎರಡು ಚೀಲ ಸಿಮೆಂಟು ತಂದಿದ್ದೆ,
ನಾಲ್ಕು ಹಿಡಿ ಸಾಕಾಯಿತು.
ಉಳಿದದ್ದು ತೇವ ಕುಡಿದು ಮೂಲೆಯಲ್ಲಿ
ಚೀಲದ ಆಕಾರಕ್ಕೇ ಕಲ್ಲಾಗುತ್ತಿದೆ,
ಅಂದಾಜು ಆರು ಇಂಚು ದಪ್ಪ.