ಬೀರುವಿನ ಕೀಲಿ ನನ್ನ ಬಳಿ

ಡರ್ಬನ್ನಿನ ಈ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ
ಹಸಿರು ಬಳಿದ ಕಬ್ಬಿಣದ ಬೀರು ಒಂದಿದೆ.
ಕಡಲಿನ ಉಪ್ಪುಗಾಳಿಗೆ ತುಕ್ಕು ತಿಂದ ಬಾಗಿಲು
ತೆರೆದರೆ ಬೇನೆ ಬಂದಂತೆ ಕೂಗುತ್ತದೆ.
ಒಳಗೆ, ಫೀಸಿನ ಸಾಲ ಉಳಿಸಿಕೊಂಡವರ ಪದವಿಗಳು:
ನಾನೂರ ಹನ್ನೆರಡು.
ನನ್ನ ದುಡ್ಡಲ್ಲೇ ನುಸಿಗುಳಿಗೆ ತಂದಿಡುತ್ತೇನೆ.

ಘಟಿಕೋತ್ಸವದ ದಿನ ಎಲ್ಲರ ಕೈಗೂ
ಕೆಂಪು ರಿಬ್ಬನ್ನಿನ ಸುರುಳಿ.
ಬಾಕಿಯವರ ಸುರುಳಿಯೊಳಗೆ ಬರೀ ಬಿಳಿ ಹಾಳೆ.
ಅಮ್ಮಂದಿರಿಗೆ ಅದು ತಿಳಿಯದು;
ನಾಲಿಗೆ ಹೊರಳಿಸಿ ಉಲುಲು ಎಂದು ಕೂಗುತ್ತಾರೆ
ಚಾವಣಿ ಹಾರಿಹೋಗುವ ಹಾಗೆ.

ನೊಮಾಲಾಂಗಾ ಬರುವುದು ಸಂಬಳದ ಮರುದಿನ,
ಪೆಟ್ರೋಲ್ ಬಂಕಿನ ಸಮವಸ್ತ್ರದಲ್ಲೇ.
ರಸಾಯನಶಾಸ್ತ್ರ, ಮೊದಲ ದರ್ಜೆ.
"ಬಾಬಾ, ದಿನವಿಡೀ ನಾನು ಸುರಿಯುವುದು
ಇಂಗಾಲದ ಎಂಟು ಮಣಿಯ ಸರ" ಅನ್ನುತ್ತಾಳೆ,
ಮುನ್ನೂರು ರ‍್ಯಾಂಡ್ ಎಣಿಸುತ್ತಾಳೆ.
ಕಾದ ಹಂಚು ಹನಿ ಕುಡಿದಂತೆ ಬಡ್ಡಿ ಅದನ್ನು ಕುಡಿದು
ಬಾಯೊರೆಸಿಕೊಳ್ಳುತ್ತದೆ.

ಕೆಲಸ ಕೇಳುವುದು ಮೂಲಪ್ರತಿ.
ಮೂಲಪ್ರತಿ ಕೇಳುವುದು ನಲವತ್ತೆಂಟು ಸಾವಿರ.
ನಲವತ್ತೆಂಟು ಸಾವಿರ ಕೇಳುವುದು ಕೆಲಸ.
ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು:
ಗಾದೆ ಕಟ್ಟಿದವನೂ ಒಮ್ಮೆ
ನಮ್ಮ ಕೌಂಟರಿನ ಸಾಲಲ್ಲಿ ನಿಂತಿರಬೇಕು.

ಮೊದಮೊದಲು ಅವಳ ಮಾತಿನಲ್ಲೊಂದು ಮನೆಯಿತ್ತು.
ಅಜ್ಜಿಗೆ ಮೆಟ್ಟಿಲಿಲ್ಲದ ಬಾಗಿಲು, ತಮ್ಮನಿಗೆ ಬೇರೆ ಕೋಣೆ,
ಒಳಗೇ ಬಚ್ಚಲು, ಬಿಸಿನೀರಿನ ನಲ್ಲಿ.
ಮರುವರ್ಷ ಕೋಣೆ ಹೋಯಿತು. ಆಮೇಲೆ ಮನೆಯೇ ಹೋಯಿತು.
ಈಗ ನಲ್ಲಿಯೊಂದು ಉಳಿದಿದೆ,
ಅದನ್ನೂ ಜೋರಾಗಿ ಹೇಳುವುದಿಲ್ಲ.

ಈ ಗುರುವಾರ ಕೇಳಿದಳು:
"ಒಮ್ಮೆ ನೋಡಲೇ? ಮುಟ್ಟುವುದಿಲ್ಲ."
ನಿಯಮ ಒಪ್ಪದು. ಆದರೂ ತೆಗೆದೆ.
ಬಂಗಾರದ ಮುದ್ರೆ, ಲ್ಯಾಟಿನ್ ಸಾಲು, ಕುಲಪತಿಯ ಸಹಿ.
ಬಹಳ ಹೊತ್ತು ನೋಡಿ, ಮೆಲ್ಲಗೆ:
"ಬಾಬಾ, ಈ ನೊಮಾಲುಂಗಾ ಯಾರು?"

ಒಂದೇ ಒಂದಕ್ಷರ.
ಐದು ವರ್ಷದಿಂದ ನಾನು
ಎಲ್ಲೂ ಇಲ್ಲದವಳ ಪದವಿಯನ್ನು ನುಸಿಯಿಂದ ಕಾಯುತ್ತಿದ್ದೆ.
ತಿದ್ದಿಸಲು ಅರ್ಜಿಯಿದೆ.
ಅರ್ಜಿಯ ಜೊತೆ ಲಗತ್ತಿಸಬೇಕು
ಬಾಕಿಯಿಲ್ಲವೆಂಬ ಪತ್ರ.

ಅವಳು ನಕ್ಕಳು. ಕೌಂಟರು ಹಿಡಿದುಕೊಂಡು,
ಹಿಂದೆ ನಿಂತವರು ಇಣುಕಿ ನೋಡುವಷ್ಟು.
ಆಮೇಲೆ ಮುನ್ನೂರು ಎಣಿಸಿಟ್ಟು,
"ರಸೀದಿಯನ್ನಾದರೂ ನನ್ನ ಹೆಸರಿಗೇ ಬರೆಯಿರಿ" ಅಂದಳು.

ಬರೆದೆ.
ಒಂದೊಂದೇ ಅಕ್ಷರ,
ಸ್ಲೇಟು ಹಿಡಿದ ಮಗುವಿನಂತೆ
ನಾಲಿಗೆ ಕಚ್ಚಿಕೊಂಡು.